ಕಡ್ಡಿ, ಕಾಗದ, ತಂತಿ: ಎಸ್.ಇ.5ಎ ಜೋಡಿ ರೆಕ್ಕೆ ವಿಮಾನದ ಮಾದರಿ ಕಟ್ಟುವ ಬಗೆ

ಒಂಟಿ ರೆಕ್ಕೆಯ ವಿಮಾನದ ಮಾದರಿಯಲ್ಲಿ ಒಂದು ಡಿಗ್ರಿ ಹೆಚ್ಚುಕಮ್ಮಿಯಾದರೆ ಅದು ಕಟ್ಟಿದವನಿಗೆ ಮಾತ್ರ ಗೊತ್ತಿರುವ ಗುಟ್ಟು. ಜೋಡಿ ರೆಕ್ಕೆಯದರಲ್ಲಿ ಹಾಗಾದರೆ ಹಾಲು ಹಾಕಲು ಬಂದವನೂ ಬಾಗಿಲಲ್ಲೇ ನಿಂತು "ಇದ್ಯಾಕೆ ಸೊಟ್ಟಗಿದೆ?" ಅನ್ನುತ್ತಾನೆ. ಮೇಲಿನ ರೆಕ್ಕೆ ಕೆಳಗಿನದಕ್ಕೆ ಅಳತೆಪಟ್ಟಿ ಇದ್ದ ಹಾಗೆ, ಒಂದರ ತಪ್ಪನ್ನು ಇನ್ನೊಂದು ಬಯಲು ಮಾಡುತ್ತದೆ. ಆದ್ದರಿಂದ ಈ ಕೆಲಸದಲ್ಲಿ ವಿಮಾನಕ್ಕಿಂತ ಮೊದಲು ಅದನ್ನು ಹಿಡಿದು ನಿಲ್ಲಿಸುವ ಅಚ್ಚನ್ನು ಕಟ್ಟಬೇಕು. ನಾನು ಇದನ್ನು ಕಲಿತದ್ದು ಎರಡು ಮಾದರಿ ಕೆಡಿಸಿದ ಮೇಲೆ.

ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವ ವಿಮಾನ ಎಸ್.ಇ.5ಎ. ಮೊದಲನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಇದು, ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯದು. ಸಾಪ್‌ವಿತ್ ಕ್ಯಾಮಲ್‌ಗೆ ಹೆಸರು ಹೆಚ್ಚು, ಒಪ್ಪುತ್ತೇನೆ. ಆದರೆ ಕ್ಯಾಮಲ್‌ನ ಮೂತಿ ದುಂಡಗೆ, ಒಳಗೆ ಚಕ್ರದಂಥ ರೋಟರಿ ಎಂಜಿನ್. ಎಸ್.ಇ.5ಎ ಒಡಲು ಚಪ್ಪಟೆ ಬದಿಗಳ ಉದ್ದನೆ ಪೆಟ್ಟಿಗೆ, ಮೂತಿಯಲ್ಲಿ ಚೌಕಾಕಾರದ ರೇಡಿಯೇಟರ್. ಪ್ರತಿ ಬದಿಗೆ ರೆಕ್ಕೆಗಳ ನಡುವೆ ಎರಡೇ ಊರೆಗೋಲು. ಮರಗೆಲಸ ಬಾರದವರಿಗೂ ದಕ್ಕುವ ಆಕಾರ.

ಇನ್ನೊಂದು ಕಾರಣವೂ ಇದೆ. 1898ರ ಡಿಸೆಂಬರ್ 2ರಂದು ಕಲ್ಕತ್ತಾದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 40ನೇ ಸ್ಕ್ವಾಡ್ರನ್ನಿನಲ್ಲಿ ಹಾರಿಸಿದ್ದು ಇದನ್ನೇ. 1918ರ ಜುಲೈ 6ರಿಂದ 19ರೊಳಗೆ ಆತನ ಲೆಕ್ಕಕ್ಕೆ ಹತ್ತು ಗೆಲುವು ಸೇರಿದವು. 22ರಂದು ಫ್ರಾನ್ಸಿನ ಕಾರ್ವಿನ್ ಮೇಲೆ ಜರ್ಮನ್ನರ ಫೊಕರ್ ಡಿ-7 ವಿಮಾನಗಳ ಜೊತೆ ಕಾದಾಡುತ್ತ ಸತ್ತಾಗ ವಯಸ್ಸು ಹತ್ತೊಂಬತ್ತು. ಮಾದರಿ ನೋಡಿದ ಮಕ್ಕಳು "ಇದನ್ನ ಓಡಿಸ್ತಿದ್ದೋರು ಯಾರು?" ಎಂದು ಕೇಳಿಯೇ ಕೇಳುತ್ತಾರೆ. ಹೇಳಲು ಒಂದು ಹೆಸರಿದ್ದರೆ ಚೆನ್ನ.

ಅಳತೆ ಮತ್ತು ನಕ್ಷೆ

1:24 ಇಟ್ಟುಕೊಳ್ಳಿ. ಹಳೆಯ ಬ್ರಿಟಿಷ್ ನಕ್ಷೆಗಳೆಲ್ಲ ಅಡಿ-ಅಂಗುಲದಲ್ಲಿವೆ. 1:24ರಲ್ಲಿ ನಿಜ ವಿಮಾನದ ಒಂದು ಅಡಿ ನಮ್ಮ ಅರ್ಧ ಅಂಗುಲ, ಹಾಗಾಗಿ ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ನಿಜ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 8.11 ಮೀಟರ್, ಉದ್ದ 6.38, ಎತ್ತರ 2.90. ಮಾದರಿಯಲ್ಲಿ ಇವು 338, 266 ಮತ್ತು 121 ಮಿ.ಮೀ. ಆಗುತ್ತವೆ. ರೆಕ್ಕೆಯ ಅಗಲ ಐದು ಅಡಿ, ಅಂದರೆ ನಮಗೆ 63.5 ಮಿ.ಮೀ. ಪುಸ್ತಕದ ಕಪಾಟಿನಲ್ಲಿ ಕೂರುವ ಗಾತ್ರ ಇದು. ಇದಕ್ಕಿಂತ ಚಿಕ್ಕದಾದರೆ ರೆಕ್ಕೆಗೆ ಆಕಾರ ಕೊಡುವ ಒಳಗಿನ ಪಕ್ಕೆಲುಬುಗಳು ಕೈಗೆ ಸಿಗುವುದಿಲ್ಲ.

ನಕ್ಷೆ ಆರಿಸುವಾಗ ಹೆಸರಿನ ಕೊನೆಯ 'ಎ' ನೋಡಿ. ಮೊದಲು ಬಂದ ಎಸ್.ಇ.5ರ ರೆಕ್ಕೆ ಸುಮಾರು 28 ಅಡಿ, ತುದಿ ಓರೆಯಾಗಿ ಕತ್ತರಿಸಿದಂತೆ. 1917ರ ಜನವರಿ 28ರಂದು ಎರಡನೇ ಮೂಲಮಾದರಿಯ ರೆಕ್ಕೆ ಗಾಳಿಯಲ್ಲೇ ಮುರಿದು, ಅದರ ವಿನ್ಯಾಸದಲ್ಲಿ ಪಾಲಿದ್ದ ಪೈಲಟ್ ಫ್ರ್ಯಾಂಕ್ ಗುಡನ್ ತೀರಿಕೊಂಡರು. ಆಮೇಲೆ ರೆಕ್ಕೆಯನ್ನು ಬಲಪಡಿಸಿದರು, ಮುಂದೆ ಉದ್ದವೂ 26 ಅಡಿ 7 ಅಂಗುಲಕ್ಕೆ ಇಳಿಯಿತು. ಎರಡು ನಕ್ಷೆಗಳನ್ನು ಬೆರೆಸಿದರೆ ಎಲ್ಲಿಯೂ ಹಾರದ ಮೂರನೇ ವಿಮಾನವೊಂದು ಹುಟ್ಟುತ್ತದೆ.

ಮುದ್ರಿಸಿ ತಂದ ಕೂಡಲೇ ಸ್ಕೇಲ್ ಇಟ್ಟು ಅಳೆಯಿರಿ. ನಾನೊಮ್ಮೆ ಜೆರಾಕ್ಸ್ ಅಂಗಡಿಯಿಂದ ತಂದ ನಕ್ಷೆಯ ಮೇಲೆ ಒಡಲಿನ ಎರಡೂ ಬದಿ ಕಟ್ಟಿ ಮುಗಿಸಿ ಆಮೇಲೆ ಅಳೆದೆ. ರೆಕ್ಕೆ 338 ಇರಬೇಕಾದಲ್ಲಿ 318 ಇತ್ತು. ಹಾಳೆಗೆ ಹೊಂದಲಿ ಎಂದು ಯಂತ್ರವೇ ಕುಗ್ಗಿಸಿತ್ತು, ಅಂಗಡಿಯವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮೂರು ಪ್ರತಿ ತೆಗೆಸಿ: ಒಂದು ಮೇಲೆ ಕಟ್ಟಲು, ಒಂದು ಕತ್ತರಿಸಲು, ಒಂದು ಗೋಡೆಗೆ. ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿ ಶಟಲ್‌ವರ್ತ್ ಸಂಗ್ರಹದವರ ಬಳಿ ಎಫ್904 ಎಂಬ ಅಸಲಿ ಎಸ್.ಇ.5ಎ ಹಾರುವ ಸ್ಥಿತಿಯಲ್ಲಿದೆ, ಅದರ ಹತ್ತಿರದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನಕ್ಷೆಗೂ ಚಿತ್ರಕ್ಕೂ ಜಗಳ ಬಂದರೆ ನಾನು ಚಿತ್ರದ ಪರ.

ಸಾಮಾನು

ಇದು ಹಾರಿಸುವ ಮಾದರಿ ಅಲ್ಲ, ಹಾಗಾಗಿ ತೂಕದ ಚಿಂತೆ ಬೇಡ, ಬಾಲ್ಸಾ ಎಂಬ ಹಗುರ ಮರಕ್ಕೆ ದುಡ್ಡು ಸುರಿಯಬೇಡಿ. ಬಾಲ್ಸಾ ಉಗುರು ತಾಗಿದರೂ ನೆಗ್ಗುತ್ತದೆ. ಹವ್ಯಾಸದ ಅಂಗಡಿಯಲ್ಲಿ ಸಿಗುವ ಬಾಸ್‌ವುಡ್ ಪಟ್ಟಿ, 0.8 ಮಿ.ಮೀ. ಪ್ಲೈವುಡ್ ಹಾಳೆ, ಒಳ್ಳೆಯ ಬಿದಿರ ಸೀಳು ಸಾಕು. ಕೆತ್ತುವ ತುಂಡುಗಳಿಗೆ ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರಕ್ಕೆ ಸಾಟಿಯಿಲ್ಲ. ಎಳೆ ನುಣುಪು, ಚಾಕು ಹೇಳಿದಂತೆ ಕೇಳುತ್ತದೆ, ಸಿಬಿರೇಳುವುದಿಲ್ಲ.

ಅಂಟು ಫೆವಿಕಾಲೇ. ಅದು ಒಣಗುವಷ್ಟು ಹೊತ್ತು ಸರಿಪಡಿಸಲು ಅವಕಾಶ ಇರುತ್ತದೆ. ಫೆವಿಕ್ವಿಕ್ ಆ ಅವಕಾಶ ಕೊಡುವುದಿಲ್ಲ, ಅದನ್ನು ತಂತಿ ಕಟ್ಟುವ ದಿನಕ್ಕೆ ಎತ್ತಿಡಿ. ಉಳಿದಂತೆ ಹೊಸ ಬ್ಲೇಡು, 220 ಮತ್ತು 400ರ ಉಪ್ಪುಕಾಗದ, ಮೂಲೆಮಟ್ಟ, ಕೈವಾರ, ಗುಂಡುಪಿನ್ನು, 0.5 ಮಿ.ಮೀ. ಹಿತ್ತಾಳೆ ತಂತಿ, ಅಷ್ಟೇ ಸಣ್ಣ ಡ್ರಿಲ್ ಮೊನೆ.

ಅಚ್ಚು

ಒಂದೂವರೆ ಅಡಿ ಚೌಕದ, ಡೊಂಕಿಲ್ಲದ ಎಂಡಿಎಫ್ ಹಲಗೆ ತೆಗೆದುಕೊಳ್ಳಿ. ಅದರ ಮೇಲೆ ನಡುಗೆರೆ ಎಳೆಯಿರಿ, ಅದಕ್ಕೆ ಲಂಬವಾಗಿ ಕೆಳರೆಕ್ಕೆಯ ಮುಂಅಂಚಿನ ಗೆರೆ. ಈಗ ಎಸ್.ಇ.5ಎಯ ಎರಡು ಮುಖ್ಯ ಅಳತೆಗಳು ಬೇಕು. ಎರಡೂ ರೆಕ್ಕೆಗಳು ತುದಿಯ ಕಡೆಗೆ 5 ಡಿಗ್ರಿ ಮೇಲೇಳುತ್ತವೆ. ಮೇಲಿನ ರೆಕ್ಕೆ ಕೆಳಗಿನದಕ್ಕಿಂತ 18 ಅಂಗುಲ ಮುಂದಿದೆ, ಅಂದರೆ ಮಾದರಿಯಲ್ಲಿ 19 ಮಿ.ಮೀ. ಐದು ಡಿಗ್ರಿಯನ್ನು ಕೋನಮಾಪಕ ಹಿಡಿದು ಅಳೆಯಲು ಹೋಗಬೇಡಿ. ಬುಡದಿಂದ 150 ಮಿ.ಮೀ. ದೂರದಲ್ಲಿ ರೆಕ್ಕೆ 13 ಮಿ.ಮೀ. ಮೇಲೆದ್ದಿದ್ದರೆ ಐದು ಡಿಗ್ರಿ ಆಯಿತು.

ದಪ್ಪ ರಟ್ಟಿನಲ್ಲಿ ನಾಲ್ಕು ನಿಲುವುಹಲಗೆ ಕತ್ತರಿಸಿ, ಎಡಕ್ಕೆರಡು, ಬಲಕ್ಕೆರಡು. ಪ್ರತಿಯೊಂದರಲ್ಲೂ ಕೆಳರೆಕ್ಕೆ ಕೂರುವ ಕಚ್ಚು, ಅದರ ಮೇಲೆ, 19 ಮಿ.ಮೀ. ಮುಂದೆ, ಮೇಲ್ರೆಕ್ಕೆ ಕೂರುವ ಕಚ್ಚು. ಎರಡರ ನಡುವಿನ ಎತ್ತರವನ್ನು ನಕ್ಷೆಯ ಮುಂದಿನ ನೋಟದಿಂದ ನೇರ ಎತ್ತಿಕೊಳ್ಳಿ. ಎಡದ ಹಲಗೆಗಳನ್ನೂ ಬಲದವನ್ನೂ ಒಟ್ಟಿಗೆ ಪಿನ್ನು ಹೊಡೆದು ಒಂದೇ ಏಟಿಗೆ ಕತ್ತರಿಸಿದರೆ ಎರಡು ಬದಿಗೂ ವ್ಯತ್ಯಾಸ ಬರುವುದಿಲ್ಲ. ಮುಂದಕ್ಕೆ ತೆರೆದ ಕಚ್ಚಾದರೆ ಕೊನೆಯಲ್ಲಿ ವಿಮಾನವನ್ನು ಜಾರಿಸಿ ಹೊರತೆಗೆಯಬಹುದು. ಮುಚ್ಚಿದ ಕಚ್ಚು ಮಾಡಿದವರಿಗೆ ಅಚ್ಚು ಒಡೆಯುವುದೊಂದೇ ದಾರಿ. ಒಂದಿಡೀ ಭಾನುವಾರ ಇದಕ್ಕೇ ಹೋಗುತ್ತದೆ, ಹೋಗಲಿ.

ಒಡಲು

ನಕ್ಷೆಯ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಹಾಸಿ, 2 ಮಿ.ಮೀ. ಚೌಕದ ಪಟ್ಟಿಗಳಿಂದ ಒಂದು ಬದಿಯ ಚೌಕಟ್ಟು ಕಟ್ಟಿ. ಅದು ಅಲ್ಲೇ ಇರುವಾಗ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಹಾಸಿ ಎರಡನೇ ಬದಿಯನ್ನು ಅದರ ಮೇಲೆಯೇ ಕಟ್ಟಿ. ಅವಳಿ ಮಕ್ಕಳಂತೆ ಒಂದೇ ಅಳತೆ ಬರುತ್ತದೆ. ಆಮೇಲೆ ಎರಡನ್ನೂ ಅಚ್ಚಿನ ನಡುಗೆರೆಯ ಆಚೀಚೆ ನಿಲ್ಲಿಸಿ ಅಡ್ಡಪಟ್ಟಿ ಹಾಕುತ್ತ ಬನ್ನಿ. ಮೊದಲು ಪೈಲಟ್ ಕೂರುವ ಜಾಗದ ಹಿಂದುಮುಂದು, ನಂತರ ಮೂತಿ, ಕೊನೆಗೆ ಬಾಲದ ಕಡೆ ಎರಡು ಬದಿಯನ್ನೂ ಹಿಂಡಿ ಬಾಲದ ಕಂಬಕ್ಕೆ ಸೇರಿಸಿ. ಬಾಲದಿಂದ ಶುರು ಮಾಡಿದರೆ ಒಂದು ಬದಿ ಹೆಚ್ಚು ಬಾಗಿ ಬಾಳೆಕಾಯಿ ಆಗುತ್ತದೆ.

ನಿಜ ವಿಮಾನದ ಮುಂಭಾಗದ ಬದಿಗೆ ಪ್ಲೈವುಡ್, ಹಿಂಭಾಗಕ್ಕೆ ಬಟ್ಟೆ, ಒಳಗೆ ಚೌಕಟ್ಟಿನ ಪ್ರತಿ ಮನೆಗೂ ಅಡ್ಡಡ್ಡ ತಂತಿ. ಮುಂಭಾಗಕ್ಕೆ ನಾವೂ ಪ್ಲೈವುಡ್ಡೇ ಅಂಟಿಸೋಣ. ಮೇಲ್ಮೈ ಮುಚ್ಚುವ ಮುನ್ನ ಒಳಗಿನ ಕೆಲಸ ಮುಗಿಸಿ: ಕುರ್ಚಿ, ಹಿಡಿಯಲ್ಲಿ ಬಳೆಯಂಥ ಉಂಗುರವಿರುವ ನಿಯಂತ್ರಣ ಕೋಲು, ಮಾಪಕಗಳ ಮರದ ಹಲಗೆ. ಬೆನ್ನಿನ ಮೇಲಿನ ದುಂಡು ಹೊದಿಕೆಗೆ ಅರ್ಧಚಂದ್ರದ ಪಟ್ಟಿ ನಿಲ್ಲಿಸಿ, ಮೇಲೆ ಸಣ್ಣ ಬಿದಿರ ಸೀಳುಗಳನ್ನು ಉದ್ದಕ್ಕೆ ಓಡಿಸಿ.

ಮೂತಿಯನ್ನು ಆಲೆ ಮರದ ಗಟ್ಟಿ ತುಂಡಿನಿಂದ ಕೆತ್ತಿ. ವಿ-8 ಎಂಜಿನ್ನಿನ ಎರಡು ಸಾಲು ಸಿಲಿಂಡರ್‌ಗಳು ಹೊದಿಕೆಯಿಂದ ಎರಡು ಉಬ್ಬಾಗಿ ಹೊರಗೆ ಕಾಣುತ್ತವೆ, ಅವನ್ನು ಬೇರೆಯಾಗಿ ಕೆತ್ತಿ ಅಂಟಿಸಿದರೆ ಸುಲಭ. ನಿಜವಾದ ಹೊದಿಕೆ ಅಲ್ಯೂಮಿನಿಯಂ ತಗಡು. ತಂಪುಪಾನೀಯದ ಖಾಲಿ ಡಬ್ಬಿಯ ತಗಡನ್ನು ಕತ್ತರಿಸಿ ಹೊದಿಸಿದರೆ ಯಾವ ಬಣ್ಣವೂ ಕೊಡದ ನಿಜ ಬರುತ್ತದೆ. ಅದರ ಅಂಚು ಬ್ಲೇಡಿಗಿಂತ ಹರಿತ, ಜೋಪಾನ. ರೇಡಿಯೇಟರಿನ ಮುಂದಿನ ಅಡ್ಡ ರೆಪ್ಪೆಗಳಿಗೆ ತೆಳು ರಟ್ಟಿನ ಪಟ್ಟಿ ಸಾಕು.

ರೆಕ್ಕೆ

ಈ ವಿಮಾನದ ರೆಕ್ಕೆಯ ಅಡ್ಡಸೀಳು ಆರ್.ಎ.ಎಫ್.15 ಎಂಬುದು. ತೀರಾ ತೆಳು, ಹೊಟ್ಟೆ ಒಳಕ್ಕೆ ತುಸು ಬಾಗಿದೆ. ನಮ್ಮ 63.5 ಮಿ.ಮೀ. ಅಗಲಕ್ಕೆ ದಪ್ಪ ಸುಮಾರು 4 ಮಿ.ಮೀ. ಮಾತ್ರ. ಮೊದಲು ಕೈಹಾಕುವವರು ದಪ್ಪ ರೆಕ್ಕೆ ಮಾಡಿಬಿಡುತ್ತಾರೆ, ಆಮೇಲೆ ಏನು ಮಾಡಿದರೂ ಅದು ಆ ಕಾಲದ ವಿಮಾನವಾಗಿ ಕಾಣುವುದಿಲ್ಲ.

ಪಕ್ಕೆಲುಬುಗಳನ್ನು ಒಂದೊಂದಾಗಿ ಕತ್ತರಿಸಬೇಡಿ. ತಗಡಿನಲ್ಲಿ ಎರಡು ಮಾದರಿ ಎಲುಬು ಕತ್ತರಿಸಿ, ಅವುಗಳ ನಡುವೆ ಇಪ್ಪತ್ತು ಪ್ಲೈವುಡ್ ಚೂರುಗಳನ್ನು ಸ್ಯಾಂಡ್‌ವಿಚ್ಚಿನಂತೆ ಜೋಡಿಸಿ ಎರಡು ಸಣ್ಣ ಬೋಲ್ಟು ಬಿಗಿಯಿರಿ. ತಗಡು ತಾಗುವವರೆಗೂ ಅರದಿಂದ ಉಜ್ಜಿ, ಹೊಟ್ಟೆಯ ಕಡೆಯಿಂದ, ರೆಕ್ಕೆಯ ಉದ್ದಕ್ಕೆ ಓಡುವ ಎರಡು ತೊಲೆಗಳಿಗೂ ಕಚ್ಚು ಹಾಕಿ. ಬಿಚ್ಚಿದಾಗ ಇಪ್ಪತ್ತು ಎಲುಬು ಒಟ್ಟಿಗೆ ಕೈಗೆ ಬರುತ್ತವೆ. ಎರಡು ಸುತ್ತು ಹೆಚ್ಚೇ ಮಾಡಿಟ್ಟುಕೊಳ್ಳಿ, ಒಂದೆರಡು ಮುರಿದೇ ಮುರಿಯುತ್ತವೆ.

ತೊಲೆಗೆ 2×3 ಮಿ.ಮೀ. ಪಟ್ಟಿ. ನಕ್ಷೆಯ ಮೇಲೆ ತೊಲೆಗಳನ್ನು ಪಿನ್ನಿನಿಂದ ಹಿಡಿಸಿ ಎಲುಬುಗಳನ್ನು ಮೇಲಿನಿಂದ ಕೂರಿಸುತ್ತ ಹೋಗಿ. ರೆಕ್ಕೆತುದಿಯ ಬಾಗಿಗೆ ಬಿದಿರು: 1 ಮಿ.ಮೀ. ಸೀಳನ್ನು ಒಂದು ರಾತ್ರಿ ನೆನೆಸಿಟ್ಟು, ಬಿಸಿ ಬೆಸುಗೆಕಡ್ಡಿಯ ಮೈಗೆ ತಾಗಿಸಿ ಮೆಲ್ಲಗೆ ಬಾಗಿಸಿ. ಬುಟ್ಟಿ ಹೆಣೆಯುವವರು ಬಿದಿರಿನ ಹಸಿರು ಸಿಪ್ಪೆಯ ಕಡೆಯನ್ನು ಹೊರಕ್ಕೆ ಬಿಟ್ಟು ಬಾಗಿಸುವುದನ್ನು ನೋಡಿರುತ್ತೀರಿ, ಹಾಗೇ ಮಾಡಿದರೆ ಸೀಳು ಬಿಡುವುದಿಲ್ಲ. ಹಿಂಅಂಚು ನೇರವಾಗಿರಲಿ. ಫೊಕರ್ ವಿಮಾನಗಳಲ್ಲಿ ಕಾಣುವ, ಬಾವಲಿ ರೆಕ್ಕೆಯಂಥ ಅಲೆಯಂಚು ಇದರಲ್ಲಿಲ್ಲ. ನಾಲ್ಕೂ ರೆಕ್ಕೆಗಳಿಗೆ ಏಲರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಿಂಅಂಚಿನ ಮಡಚುಪಟ್ಟಿ, ಉಂಟು, ಅವನ್ನು ಬೇರೆಯಾಗಿಯೇ ಕಟ್ಟಿ. ಮೇಲ್ರೆಕ್ಕೆಯ ನಡುತುಂಡು ಸಪಾಟು, 5 ಡಿಗ್ರಿ ಶುರುವಾಗುವುದು ಅದರ ಎರಡು ಅಂಚಿನಿಂದ.

ಬಟ್ಟೆ ತೊಡಿಸುವುದು

ನನ್ನ ಅಭಿಪ್ರಾಯ ಕೇಳಿದರೆ, ಎಡಬದಿಯನ್ನಷ್ಟೇ ಮುಚ್ಚಿ. ಬಲದ ಎರಡು ರೆಕ್ಕೆ ಮತ್ತು ಒಡಲಿನ ಬಲ ಹಿಂಭಾಗವನ್ನು ಬರಿ ಎಲುಬಾಗಿಯೇ ಬಿಟ್ಟು ಅರಗಿನ ಪಾಲಿಶ್ ಒಂದು ಕೈ ಹೊಡೆಯಿರಿ. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನೆಲ್ಲ ಕಾಗದದಡಿ ಹೂತುಹಾಕುವುದು ನನ್ನಿಂದಾಗದು. ಎಡಬದಿಗೇ ಬಟ್ಟೆ ಯಾಕೆಂದರೆ ಮೂತಿಯ ಮೇಲಿನ ವಿಕರ್ಸ್ ಬಂದೂಕು ಇರುವುದು ಎಡಕ್ಕೆ, ಪೂರ್ತಿ ವಿಮಾನದ ಚೆಹರೆ ಆ ಕಡೆಯಿಂದ ಚೆನ್ನಾಗಿ ಕಾಣುತ್ತದೆ. ಬೋಳು ರೆಕ್ಕೆಗಳಲ್ಲಿ ತೊಲೆಯಿಂದ ತೊಲೆಗೆ ಒಳಗಿನ ಅಡ್ಡತಂತಿಗಳನ್ನು ಸಣ್ಣ ದಾರದಿಂದ ಹಾಕುವುದು ಮರೆಯಬೇಡಿ.

ನಿಜ ವಿಮಾನದ ಹೊದಿಕೆ ಲಿನನ್ ಬಟ್ಟೆ. ನಮಗೆ ಬಿಳಿ ಟಿಶ್ಯೂ ಕಾಗದ. ಗಾಳಿಪಟದ ಬಣ್ಣದ ಕಾಗದ ತಂದರೆ ನೀರು ತಾಗಿದೊಡನೆ ಬಣ್ಣ ಬಿಡುತ್ತದೆ. ತೊಲೆಯ ಉದ್ದಕ್ಕೆ ಕಾಗದದ ಎಳೆ ಬರುವಂತೆ ಇಟ್ಟು, ನೀರು ಬೆರೆಸಿದ ಫೆವಿಕಾಲನ್ನು ಅಂಚುಗಳಿಗೂ ಹೊಟ್ಟೆಯ ಕಡೆ ಪ್ರತಿ ಎಲುಬಿಗೂ ಸವರಿ ಅಂಟಿಸಿ. ಹೊಟ್ಟೆಯ ಬಾಗು ಉಳಿಯಬೇಕಾದರೆ ಪ್ರತಿ ಎಲುಬಿಗೂ ಅಂಟು ಹಿಡಿಯಲೇಬೇಕು. ಒಣಗಿದ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಕಾಗದ ತಾನಾಗಿ ಬಿಗಿಯುತ್ತದೆ.

ನನ್ನ ಎರಡನೇ ಮಾದರಿ ಕೆಟ್ಟದ್ದು ಇಲ್ಲೇ. ಜುಲೈ ಮಳೆಯಲ್ಲಿ ಒಂದು ಮೈಗೆ ಕಾಗದ ಹಾಕಿ, ನೀರು ಸಿಂಪಡಿಸಿ, ಇನ್ನೊಂದು ಮೈಯನ್ನು ನಾಳೆಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ರೆಕ್ಕೆ ಹಪ್ಪಳದಂತೆ ಸುರುಳಿಕೊಂಡಿತ್ತು. ಎರಡೂ ಮೈಗೆ ಕಾಗದ ಹಾಕಿದ ಮೇಲೆಯೇ ನೀರು, ನೀರು ಬಿದ್ದ ಕ್ಷಣದಿಂದ ಪೂರ್ತಿ ಒಣಗುವವರೆಗೆ ಹಲಗೆಯ ಮೇಲೆ ಪಿನ್ನಿನ ಬಂಧನ. ಆಮೇಲೆ ತೆಳು ವಾರ್ನಿಶ್ ಎರಡು ಸಲ. ಎಲುಬುಗಳ ಮೇಲೆ ಹೊಲಿಗೆ ಮುಚ್ಚುವ ಪಟ್ಟಿಗೆ ಅದೇ ಕಾಗದದ 2 ಮಿ.ಮೀ. ಅಗಲದ ಚೂರು ಅಂಟಿಸಿ.

ಬಣ್ಣ

ಮೇಲ್ಮೈ ಮತ್ತು ಬದಿಗಳಿಗೆ ಪಿ.ಸಿ.10 ಎಂಬ ಬಣ್ಣ, ಹೊಟ್ಟೆಯ ಕಡೆ ಬರಿ ವಾರ್ನಿಶಿನ ಲಿನನ್. ಪಿ.ಸಿ.10 ಕಂದೋ ಹಸಿರೋ ಎಂದು ಮಾದರಿ ಕಟ್ಟುವವರು ಜಗಳವಾಡುತ್ತಲೇ ಇದ್ದಾರೆ. ಅದರಲ್ಲಿದ್ದದ್ದು ಹಳದಿ ಮಣ್ಣಿನ ಬಣ್ಣ ಮತ್ತು ಸ್ವಲ್ಪ ದೀಪದ ಮಸಿ. ನೀವೂ ಹಾಗೇ ಮಾಡಿ ನೋಡಿ: ಯೆಲ್ಲೋ ಓಕರ್ ಅಕ್ರಿಲಿಕ್‌ಗೆ ಚಿಟಿಕೆ ಚಿಟಿಕೆಯಾಗಿ ಕಪ್ಪು ಸೇರಿಸುತ್ತ ಹೋದರೆ ನಿಮ್ಮ ಕಣ್ಣೆದುರೇ ಅದು ಮಾಸಲು ಹಸಿರಿಗೆ ತಿರುಗುತ್ತದೆ, ಬೆಳಕು ಬದಲಾದರೆ ಕಂದು ಅನ್ನಿಸುತ್ತದೆ. ಜಗಳ ಯಾಕೆ ಮುಗಿದಿಲ್ಲ ಎಂಬುದೂ ಅರ್ಥವಾಗುತ್ತದೆ. ಅಗಲ ಕುಂಚದಲ್ಲಿ ತೆಳುವಾಗಿ ಮೂರು ಕೈ. ಬ್ರಿಟಿಷ್ ಗುರುತಾದ ನೀಲಿ-ಬಿಳಿ-ಕೆಂಪು ವೃತ್ತಗಳನ್ನು ಕೈವಾರಕ್ಕೆ ಬಣ್ಣದ ನಿಬ್ಬು ಸಿಕ್ಕಿಸಿ ಗೆರೆ ಎಳೆದು ತುಂಬಿ. ಇದೆಲ್ಲ ಜೋಡಿಸುವ ಮುಂಚೆಯೇ ಆಗಬೇಕು, ಎರಡು ರೆಕ್ಕೆ ಸೇರಿದ ಮೇಲೆ ನಡುವೆ ಕುಂಚ ಆಡುವುದಿಲ್ಲ.

ಜೋಡಣೆ

ಈಗ ಆ ಭಾನುವಾರದ ಶ್ರಮ ಕೈಹಿಡಿಯುತ್ತದೆ. ಕೆಳರೆಕ್ಕೆಗಳ ತೊಲೆತುದಿಗೆ ಹಿತ್ತಾಳೆ ಮೊಳೆ ಕೂರಿಸಿ ಒಡಲಿಗೆ ಸೇರಿಸಿ, ಅಚ್ಚಿನಲ್ಲಿಟ್ಟು ಒಂದು ರಾತ್ರಿ ಬಿಡಿ. ಮೇಲ್ರೆಕ್ಕೆಯನ್ನು ಮೇಲಿನ ಕಚ್ಚುಗಳಲ್ಲಿ ಕೂರಿಸಿ. ಯಾವ ಕೋಲೂ ಇಲ್ಲದೆ ಅದು ಅಲ್ಲಿ ನಿಂತಿರುತ್ತದೆ, ನೆನಪಿಡಿ, ರೆಕ್ಕೆಯನ್ನು ಹೊತ್ತಿರುವುದು ಅಚ್ಚು, ಕೋಲಲ್ಲ. ಬಾಲದ ಕಂಬದಿಂದ ಎಡ ಮತ್ತು ಬಲ ರೆಕ್ಕೆತುದಿಗೆ ದಾರ ಹಿಡಿದು ನೋಡಿ, ಎರಡೂ ಉದ್ದ ಸಮವಾಗಿರಬೇಕು. ಸಮವಾದ ಮೇಲೆ ಒಡಲಿನ ಮೇಲಿನ ನಾಲ್ಕು ಗಿಡ್ಡ ಕೋಲುಗಳು, ಆಮೇಲೆ ಹೊರಗಿನ ನಾಲ್ಕು. ಕೋಲುಗಳನ್ನು ನಕ್ಷೆಯ ಅಳತೆಗೆ ಕತ್ತರಿಸದೆ, ಇರುವ ಜಾಗವನ್ನು ಕೈವಾರದಲ್ಲಿ ಅಳೆದು ಕತ್ತರಿಸಿ. ಅಡ್ಡಸೀಳು ಬೇವಿನ ಬೀಜದಂತೆ, ಎರಡು ತುದಿಗೂ ಮೊಳೆ. ಕೋಲನ್ನು ಒತ್ತಿ ತುರುಕಬೇಕಾಗಿ ಬಂದರೆ ಅದು ಉದ್ದವಾಗಿದೆ ಎಂದರ್ಥ, ಉಜ್ಜಿ.

ಬಾಲದಲ್ಲಿ ಒಂದು ಸಣ್ಣ ವಿಷಯ: ಪೈಲಟ್ ಕೈಬಿಟ್ಟಾಗ ಎಲಿವೇಟರ್, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಮಡಚುಪಟ್ಟಿ, ಕೆಳಗೆ ಜೋತುಬೀಳುತ್ತದೆ. ನೆಲದ ಮೇಲೆ ನಿಂತ ಮಾದರಿಯಲ್ಲಿ ಅದನ್ನು ಸ್ವಲ್ಪ ಇಳಿಬಿಟ್ಟರೆ ಜೀವ ಬರುತ್ತದೆ. ಚಕ್ರದ ಟೈರಿಗೆ ನಲ್ಲಿ ಸಾಮಾನಿನ ಅಂಗಡಿಯ ರಬ್ಬರ್ ಓ-ರಿಂಗು, ಹೊರಗಿನ ಅಳತೆ 29 ಮಿ.ಮೀ. ಹತ್ತಿರದ್ದು. ಚಕ್ರದ ಕಡ್ಡಿಗಳನ್ನು ಮುಚ್ಚಿದ ಬಟ್ಟೆಗೆ ರಟ್ಟಿನ ವೃತ್ತವನ್ನು ಒಂದು ಕಡೆ ಸೀಳಿ ತುಸು ಮೇಲೆಮೇಲೆ ಸೇರಿಸಿದ ಚಪ್ಪಟೆ ಶಂಕು.

ತಂತಿ

ಹೊರಗಿನ ತಂತಿಗಳಿಗೆ ದಾರ ಮತ್ತು ಗಾಳದ ನೈಲಾನು ಎರಡನ್ನೂ ನಾನು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಸಡಿಲವಾಗುತ್ತವೆ, ಬಿಗಿ ಎಳೆದರೆ ರೆಕ್ಕೆಯನ್ನೇ ತಿರುಚುತ್ತವೆ. ಗಿಟಾರಿನ ಅತಿ ತೆಳು ಉಕ್ಕಿನ ತಂತಿ 0.009 ಅಂಗುಲ ದಪ್ಪ, ಅಂದರೆ 0.23 ಮಿ.ಮೀ. ಇಪ್ಪತ್ತನಾಲ್ಕರಿಂದ ಗುಣಿಸಿದರೆ ಐದೂವರೆ ಮಿ.ಮೀ., ನಮ್ಮ ಕೆಲಸಕ್ಕೆ ಒಪ್ಪುವ ದಪ್ಪ. ಇದನ್ನು ಎಳೆದು ಕಟ್ಟುವುದಿಲ್ಲ. ಎರಡು ತೂತುಗಳ ನಡುವಿನ ದೂರವನ್ನು ಕೈವಾರದಲ್ಲಿ ಅಳೆದು, ಕೂದಲೆಳೆ ಹೆಚ್ಚಿಗೆ ಕತ್ತರಿಸಿ, ಚಿಮಟದಲ್ಲಿ ಹಿಡಿದು ಕೂರಿಸಿ, ಸೂಜಿಮೊನೆಯಲ್ಲಿ ಫೆವಿಕ್ವಿಕ್ ತಾಗಿಸಿ. ಉಕ್ಕು ತಾನೇ ನೇರ ನಿಲ್ಲುತ್ತದೆ. ಕತ್ತರಿಸುವಾಗ ಕನ್ನಡಕ ಹಾಕಿ, ತುಂಡು ಎಲ್ಲಿಗೆ ಚಿಮ್ಮುತ್ತದೋ ಹೇಳಲಾಗದು.

ಒಳಗಿನಿಂದ ಹೊರಕ್ಕೆ ಬನ್ನಿ. ಮೊದಲು ಗಿಡ್ಡ ಕೋಲುಗಳ ನಡುವಿನ ಅಡ್ಡತಂತಿ, ಆಮೇಲೆ ಹೊರಕೋಲುಗಳ ಜೋಡಿಯ ನಡುವಿನದು. ನಂತರ ಮೇಲ್ರೆಕ್ಕೆಯ ಬುಡದಿಂದ ಹೊರಕೋಲಿನ ಕೆಳತುದಿಗೆ ಇಳಿಯುವವು, ನೆಲದ ಮೇಲೆ ರೆಕ್ಕೆಯ ಭಾರ ಹೊರುವುದು ಇವು. ಕೊನೆಗೆ ಒಡಲಿನ ಕೆಳಗಿನಿಂದ ಹೊರಕೋಲಿನ ಮೇಲ್ತುದಿಗೆ ಏರುವವು, ಹಾರುವಾಗಿನ ಭಾರ ಇವುಗಳದು, ಹಾಗಾಗಿ ಜೋಡಿಯಾಗಿವೆ. ಈ ಲೆಕ್ಕ ತಲೆಯಲ್ಲಿದ್ದರೆ ಯಾವ ತಂತಿ ಎಲ್ಲಿಗೆ ಎಂದು ನಕ್ಷೆ ತಿರುವಿಹಾಕುವುದು ತಪ್ಪುತ್ತದೆ.

ಬಂದೂಕು, ಪ್ರೊಪೆಲ್ಲರ್

ಮೇಲ್ರೆಕ್ಕೆಯ ಮೇಲಿನ ಲೂಯಿಸ್ ಬಂದೂಕು ಈ ವಿಮಾನದ ಗುರುತು. ಅದು ಬಾಗಿದ ಹಳಿಯೊಂದರ ಮೇಲೆ ಕೂತಿದೆ. ಮದ್ದಿನ ಡ್ರಮ್ ಬದಲಿಸಲು ಪೈಲಟ್ ಅದನ್ನು ಹಳಿಗುಂಟ ತನ್ನೆಡೆಗೆ ಎಳೆದುಕೊಳ್ಳುತ್ತಿದ್ದ, ಹಾರುತ್ತಲೇ. ಹಳಿಗೆ ಹಿತ್ತಾಳೆ ತಂತಿ, ನಳಿಗೆಗೆ ಇಂಜೆಕ್ಷನ್ ಸೂಜಿಯ ಹೊಸ ಕೊಳವೆ, ಡ್ರಮ್ಮಿಗೆ ರಟ್ಟಿನ ಬಿಲ್ಲೆಗಳ ಅಡುಕು. ಸೈನ್ಯದ ಲೂಯಿಸ್‌ಗೆ ಇರುವ ದಪ್ಪ ತಣಿಸುವ ಕವಚ ವಿಮಾನದ್ದಕ್ಕೆ ಇಲ್ಲ, ಚಿತ್ರ ನೋಡಿ ಮೋಸಹೋಗಬೇಡಿ.

ವೈಪರ್ ಎಂಜಿನ್ನಿನ ವಿಮಾನಕ್ಕೆ ಸಾಮಾನ್ಯವಾಗಿ ಎರಡೆಲೆಯ ಪ್ರೊಪೆಲ್ಲರ್, ಗೇರು ಇರುವ ಹಿಸ್ಪಾನೊ-ಸುಯಿಜಾ ಎಂಜಿನ್ನಿನದಕ್ಕೆ ನಾಲ್ಕೆಲೆ. ಎರಡೆಲೆಯದೇ ಮಾಡಿ. ತೇಗದ ಮತ್ತು ಆಲೆ ಮರದ ತೆಳು ಪಟ್ಟಿಗಳನ್ನು ಒಂದು ಬಿಟ್ಟು ಒಂದು ಅಂಟಿಸಿ ಒಣಗಿಸಿ ಕೆತ್ತುತ್ತ ಹೋದರೆ, ಎಲೆ ತಿರುಚಿದಲ್ಲೆಲ್ಲ ಗೆರೆಗಳು ತಾವಾಗಿ ಮೂಡುತ್ತವೆ.

ಗಾಜಿನ ಪೆಟ್ಟಿಗೆ ಮಾಡಿಸುತ್ತೀರಾದರೆ ಅದರೊಳಗೆ ಹುಳಕ್ಕೆಂದು ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡಿಡಿ, ಮಳೆಗಾಲ ಶುರುವಾಗುವಾಗ ಬದಲಿಸಿ. ಅಚ್ಚನ್ನು ಎಸೆಯದೆ ಅಟ್ಟದಲ್ಲಿಡಿ.